ತೀರ್ಥನ್ ನದಿಯ ಭೈಯಾಗೆ

ಮೇ ಕೊನೆಯಲ್ಲಿ ಹಿಮಾಚಲದ ಗುಶೈನಿಯಲ್ಲಿ ನನಗೆ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯಲು ಕಲಿಸಿದ ಭೈಯಾ, ಹೆಸರು ಹಾಕಬೇಡಿ ಅಂದಿದ್ದಿರಿ. ಹಾಕಿಲ್ಲ. ಆದರೆ ಸುಮ್ನೆ ಇರಲು ಆಗುತ್ತಿಲ್ಲ.

ಬೆಳಿಗ್ಗೆ 5 ಗಂಟೆಗೇ ಬಾಗಿಲು ತಟ್ಟಿದಿರಿ. ಬಿಸಿಲೇರಿದರೆ ಮೇಲಿನ ಹಿಮ ಕರಗಿ ನೀರು ಕದಡುತ್ತದೆ ಎಂದಿರಿ. ನಾನು ಊರ ಕೆರೆ ದಂಡೆಯಲ್ಲಿ ಗಾಳ ಹಾಕಿ ಬೆಳೆದವನು. ಒಂದೇ ಕಡೆ ಕೂತು ಕಾಯುವುದಷ್ಟೇ ಗೊತ್ತಿತ್ತು. ಟ್ರೌಟ್ ಹರಿವಿಗೆ ಎದುರಾಗಿ ನಿಲ್ಲುತ್ತದೆ, ಅದಕ್ಕೇ ಕೆಳಗಿನಿಂದ ಮೇಲಕ್ಕೆ ಅದರ ಬೆನ್ನ ಹಿಂದೆ ಹೋಗಬೇಕು, ನೆರಳು ನೀರಿನ ಮೇಲೆ ಬೀಳಬಾರದು. ಇದನ್ನೆಲ್ಲ ಕೈ ಹಿಡಿದು ಬಂಡೆ ದಾಟಿಸುತ್ತಾ ಹೇಳಿಕೊಟ್ಟಿರಿ. ಬಂಡೆಯ ಹಿಂದೆ ನೀರು ನಿಧಾನವಾಗುವ ಜಾಗ ತೋರಿಸಿದಿರಿ. ಅಲ್ಲೇ ಸಿಕ್ಕಿತು! ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದ ಬ್ರೌನ್ ಟ್ರೌಟ್. ಕಂದು ಮೈ, ಕೆಂಪು ಚುಕ್ಕೆ. ಎಷ್ಟು ಚಂದ, ಅಲ್ವಾ?

ಒಣ ಕೈಯಲ್ಲಿ ಮುಟ್ಟಲು ಹೋದೆ, ತಡೆದಿರಿ. ಮೈಮೇಲಿನ ಲೋಳೆ ಕಿತ್ತುಹೋದರೆ ಮೀನಿಗೆ ರೋಗ ಹತ್ತುತ್ತದಂತೆ. ಕೈ ಒದ್ದೆ ಮಾಡಿಸಿ, ಅದು ತಾನೇ ಈಜಿ ಹೋಗುವವರೆಗೆ ನೀರಲ್ಲೇ ಹಿಡಿಸಿದಿರಿ. ಆ ಗಳಿಗೆ ಮರೆಯುವುದಿಲ್ಲ.

ತುಂಬಾ ಥ್ಯಾಂಕ್ಸ್ ಭೈಯಾ. ನನ್ನ ಒದ್ದೆ ಶೂಗಳನ್ನು ಒಲೆಯ ಪಕ್ಕ ಒಣಗಿಸಿಕೊಟ್ಟ ನಿಮ್ಮ ತಾಯಿಗೂ ನಮಸ್ಕಾರ ಹೇಳಿ.