ಬಿಟ್ಟ ಕ್ಯಾಚೂ ಲೆಕ್ಕಕ್ಕುಂಟು

ಮಾಟುಂಗಾ, ಮುಂಬೈ

ಚಿ. ಪುಟ್ಟನಿಗೆ ಅಜ್ಜನ ಆಶೀರ್ವಾದಗಳು.

ಪುಣೆಯ ಹೊಸ ಶಾಲೆ, ಮಳೆ, ನಿನ್ನ ನೆಗಡಿ ಎಲ್ಲ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ. ಆದರೆ ಕಾಗದದ ಕೊನೆಗೆ ಬರೆದೆಯಲ್ಲ, 'ಎಲ್ಲ ಕ್ಯಾಚೂ ಬಿಡ್ತೀನಿ ಅಜ್ಜ, ನಾನು ಹುಟ್ಟಿದ್ದೇ ಹೀಗಾ?' ಅಂತ, ಅದನ್ನು ಓದಿ ನಿದ್ದೆ ಬರಲಿಲ್ಲ.

ಅಲ್ಲವೋ ಪುಟ್ಟಾ. ಕಣ್ಣು ಚೆಂಡನ್ನು ಕಂಡು ಕೈ ಅಲ್ಲಾಡುವಷ್ಟರಲ್ಲಿ ಸೆಕೆಂಡಿನ 5ರಲ್ಲೊಂದು ಭಾಗ ಕಳೆದಿರುತ್ತದೆ. ಹಾಗಾಗಿ ಚೆಂಡು ಎಲ್ಲಿಗೆ ಬರುತ್ತದೆ ಅಂತ ಮಿದುಳು ಮೊದಲೇ ಅಂದಾಜು ಮಾಡಬೇಕು. ತಲೆಯ ಹಿಂದೆ, ಕೆಳಗಡೆ, ಕಿರುಮಿದುಳು ಅಂತ ಇದೆ. ಗಾತ್ರದಲ್ಲಿ ಮಿದುಳಿನ ಸುಮಾರು 10ರಲ್ಲೊಂದು ಪಾಲು, ನರಕೋಶಗಳು ಮಾತ್ರ ಅರ್ಧಕ್ಕಿಂತ ಹೆಚ್ಚು ಅಲ್ಲೇ! ಅಂದಾಜು ಎಷ್ಟು ತಪ್ಪಿತು ಅಂತ ನೋಡಿ ಮುಂದಿನ ಸಲಕ್ಕೆ ತಿದ್ದುವುದು ಅದರ ಕೆಲಸ. ಕ್ಯಾಚ್ ಬಿಡದಿದ್ದರೆ ಅದಕ್ಕೆ ತಿದ್ದಲು ಏನು ಸಿಗುತ್ತದೆ ಹೇಳು? ಮತ್ತೆ ಮತ್ತೆ ಬಳಸಿದ ನರದೆಳೆಗಳ ಮೇಲೆ ವಯರಿನ ಹೊದಿಕೆಯಂತೆ ಮಯಲಿನ್ ಎಂಬ ಕೊಬ್ಬಿನ ಪದರ ದಪ್ಪವಾಗಿ, ಸುದ್ದಿ ಬೇಗ ಓಡುತ್ತದೆ.

ಹುಟ್ಟಿದ್ದೇ ಹೀಗೆ ಅಂತ ನನಗೂ ಅಂದಿದ್ದರು. ಧಾರವಾಡದಲ್ಲಿ ತಬಲಾ ಕಲಿಯಲು ಹೋದರೆ, 'ಈ ಬೆರಳಿಗೆ ಇದು ಬರೂದಿಲ್ಲ' ಅಂದರು ಮಾಸ್ತರರು. ನಂಬಿಬಿಟ್ಟೆ. ಆಮೇಲೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದು ಟೈಪಿಂಗ್ ಕ್ಲಾಸ್ ಸೇರಿದೆ. ಎಡಗೈ ಕಿರುಬೆರಳಿಗೆ ಕಸುವು ಸಾಲದೆ 'ಎ' ಅಕ್ಷರ ಮಾತ್ರ ಕಾಗದದ ಮೇಲೆ ಮಸುಕಾಗಿ ಬೀಳುತ್ತಿತ್ತು. ತಿಂಗಳುಗಟ್ಟಲೆ ಅದನ್ನೇ ಕುಟ್ಟಿದೆ. ಕೊನೆಗೆ ಇಲ್ಲಿನ ಫೋರ್ಟ್ ಬಡಾವಣೆಯ ಆಫೀಸಿನಲ್ಲಿ ಪಕ್ಕದವನ ಜೊತೆ ಹರಟುತ್ತ, ಕೀಲಿ ನೋಡದೆ ಟೈಪ್ ಮಾಡುತ್ತಿದ್ದೆ. ಅವೇ ಬೆರಳು ಕಣೋ! ತಬಲಾ ಮಾತ್ರ ಹೋದದ್ದು ಹೋಯಿತು. ಈಗಲೂ ಇಲ್ಲೇ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕಛೇರಿ ಕೇಳುವಾಗ ಬೆರಳು ತೊಡೆಯ ಮೇಲೆ ತಾವಾಗಿಯೇ ಆಡುತ್ತವೆ. ನಿನ್ನಜ್ಜಿ ಮೆಲ್ಲಗೆ ತಿವಿಯುತ್ತಾಳೆ.

ನಿನಗೆ ಹಾಗೆ ಯಾರಾದರೂ ಹೇಳಿದರೋ, ನೀನೇ ಅಂದುಕೊಂಡೆಯೋ? ಅದನ್ನು ಬರೆ. ಈ ವರ್ಷ ಉದ್ದ ಬೆಳೆದಿದ್ದೀಯಂತೆ. ಹಾಗೆ ಬೆಳೆಯುವಾಗ ಕೈಕಾಲಿನ ಅಳತೆ ಕೆಲವು ದಿನ ತಪ್ಪುವುದುಂಟು.

ನಾನೇನು ಕೋಚ್ ಅಲ್ಲ. ಆದರೂ, ಮೆತ್ತನೆ ಚೆಂಡನ್ನು ಹತ್ತಿರದಿಂದ ಎಸೆಯಲು ಅಪ್ಪನಿಗೆ ಹೇಳು, ದಿನಾ ಸ್ವಲ್ಪ ಹೊತ್ತು. ರಾತ್ರಿ ಬೇಗ ಮಲಗು, ಕೈ ಕಲಿತದ್ದು ನಿದ್ದೆಯಲ್ಲೂ ಗಟ್ಟಿಯಾಗುತ್ತದೆ. ಹಾಂ, ಒಮ್ಮೆ ಕಣ್ಣೂ ತೋರಿಸಿಕೊಂಡು ಬಾ. ನಮ್ಮ ಮನೆತನದಲ್ಲಿ ಎಲ್ಲರಿಗೂ ಚಷ್ಮಾ ಬೇಗ ಬಂದದ್ದೇ.

ಇತಿ,
ನಿನ್ನ ಅಜ್ಜ