ಗೆಳೆಯನಿಗೊಂದು ಪತ್ರ: ಮೂರೂವರೆ ಸಿನಿಮಾ, ಒಂದಷ್ಟು ಮಳೆ

ಪ್ರೀತಿಯ ಗೆಳೆಯ,

ಶನಿವಾರ, ಭಾನುವಾರ ಏನು ಮಾಡಿದೆ ಅಂತ ಕೇಳಿದ್ದೆಯಲ್ಲ. ಏನೂ ಮಾಡಲಿಲ್ಲ. ಸೋಫಾ ಬಿಟ್ಟು ಏಳಲಿಲ್ಲ. ಎರಡು ದಿನಕ್ಕೆ ಮೂರೂವರೆ ಸಿನಿಮಾ ನೋಡಿದೆ. ಆ ಅರ್ಧ ಯಾವುದು ಅಂತ ಗೊತ್ತಾದರೆ ನಿನಗೆ ಬೇಜಾರಾಗಬಹುದು. ಒಂದು ತಿಂಗಳಿಂದ "ನೋಡಲೇಬೇಕು ಮಾರಾಯ" ಅಂತ ನನ್ನ ತಲೆ ತಿಂದಿದ್ದೆಯಲ್ಲ, ಅದೇ.

ಅದನ್ನೇ ಮೊದಲು ಹೇಳಿ ಮುಗಿಸಿಬಿಡುತ್ತೇನೆ. ಶನಿವಾರ ರಾತ್ರಿ ಹಾಕಿದೆ. ರಿಮೋಟ್ ಕೈಯಲ್ಲಿ ಹಿಡಿದುಕೊಂಡೇ ನೋಡಬೇಕಾಯಿತು. ಮಾತು ಬಂದರೆ ಬರೀ ಪಿಸುಪಿಸು, ಸೌಂಡ್ ಏರಿಸು. ಹೊಡೆದಾಟ ಬಂದರೆ ಕಿಟಕಿಯೇ ಅದುರುತ್ತದೆ, ಓಡಿ ಇಳಿಸು. ತಪ್ಪೆಲ್ಲ ಸಿನಿಮಾದ್ದೇ ಅಲ್ಲ ಬಿಡು. ಥಿಯೇಟರಿನಲ್ಲಿ ಮಾತಿಗೆ ಅಂತಲೇ ಪರದೆಯ ಹಿಂದೆ, ನಡುಮಧ್ಯದಲ್ಲಿ ಒಂದು ಸ್ಪೀಕರ್ ಇರುತ್ತದೆ. ಸುತ್ತಮುತ್ತ ಇನ್ನಷ್ಟು. ಅದನ್ನೆಲ್ಲ ತಂದು ಟಿವಿಯ ಬೆನ್ನಿಗಿರುವ ಎರಡು ಪುಟಾಣಿ ಸ್ಪೀಕರಿನೊಳಗೆ ತುರುಕಿದರೆ ಮೊದಲು ಮುಳುಗುವುದು ಮಾತೇ.

ಟಿವಿ ಇನ್ನೊಂದು ಉಪಕಾರವನ್ನೂ ಮಾಡಿತ್ತು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಅದು ಸಾಲದು ಅಂತ ನಡುನಡುವೆ ತಾನೇ ಫ್ರೇಮ್ ಹುಟ್ಟಿಸಿ ಸೇರಿಸುವ ಒಂದು ಸೆಟ್ಟಿಂಗ್ ಆನ್ ಆಗಿತ್ತು. ದುಡ್ಡು ಸುರಿದು ತೆಗೆದ ದೃಶ್ಯವೆಲ್ಲ ಧಾರಾವಾಹಿ ಥರ ನುಣ್ಣಗೆ ಜಾರುತ್ತಿತ್ತು. ಆಫ್ ಮಾಡಿದೆ. ನಿನ್ನ ಟಿವಿಯಲ್ಲೂ ಇರಬಹುದು. ಪಿಕ್ಚರ್ ಸೆಟ್ಟಿಂಗ್‌ನಲ್ಲಿ 'ಮೋಷನ್' ಅಂತ ಏನಾದರೂ ಕಂಡರೆ ಅದರ ಕತ್ತು ಹಿಸುಕು.

ಇಷ್ಟೆಲ್ಲ ರಿಪೇರಿ ಮಾಡಿಕೊಂಡೂ ಅರ್ಧಕ್ಕೆ ಬಿಟ್ಟಿದ್ದು ಯಾಕೆ ಗೊತ್ತಾ? ಮಳೆಗೆ. ಹೀರೋ ಹತ್ತು ಜನರನ್ನು ಸಾಲಾಗಿ ಹೊಡೆಯುತ್ತಾನಲ್ಲ, ಅಲ್ಲಿ ಜೋರು ಮಳೆ. ಸ್ಲೋ ಮೋಷನ್. ಏಟಿಗೊಂದು ಸಲ ನೀರು ಚಿಮ್ಮುತ್ತದೆ. ನೋಡೋಕೆ ಚೆನ್ನಾಗಿಯೇ ಇದೆ. ಆದರೆ ಮರುಕ್ಷಣ ನೋಡು, ಅದೇ ಬೀದಿ, ಎಲ್ಲರ ಬಟ್ಟೆ ಒಣಗಿದೆ, ನೆಲವೂ ಒಣಗಿದೆ. ಅಷ್ಟು ಮಳೆ ಬಂದು ಯಾರಿಗೂ ಏನೂ ಆಗಲಿಲ್ಲ. ಒಬ್ಬನಾದರೂ ಸೀನಬಾರದೇ! ನಿಲ್ಲಿಸಿ ಮಲಗಿದೆ.

ಬೆಳಿಗ್ಗೆಯೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಮಳೆಗೆ ಕೆಲಸ ಕೊಟ್ಟಿರುವ ಸಿನಿಮಾ ಯಾವುದು ಅಂತ ಯೋಚಿಸಿ 'ರಾಶೋಮನ್' ಹಾಕಿದೆ. 1950ರದ್ದು, ಜಪಾನಿನ ನಿರ್ದೇಶಕ ಕುರೊಸಾವ ಮಾಡಿದ್ದು, 88 ನಿಮಿಷ. 'ಉಳಿದವರು ಕಂಡಂತೆ' ನೋಡಿರುವ ನಿನಗೆ ಈ ಆಟ ಹೊಸದಲ್ಲ. ನಡೆದದ್ದು ಒಂದು, ಹೇಳುವವರು ಹಲವರು. ಇಲ್ಲಿ ಅದು ಕಾಡಿನಲ್ಲಿ ನಡೆದ ಒಂದು ಸಾವು. ಪಾಳುಬಿದ್ದ ಹೆಬ್ಬಾಗಿಲ ಕೆಳಗೆ ಮೂವರು ಮಳೆ ನಿಲ್ಲಲಿ ಅಂತ ಕೂತು ಅದರ ಮಾತಾಡುತ್ತಿದ್ದಾರೆ. ಮಳೆ ಬೇಗ ನಿಂತಿದ್ದರೆ ಮೂವರೂ ಅವರವರ ದಾರಿ ಹಿಡಿಯುತ್ತಿದ್ದರು, ಕಥೆಯೇ ಇರುತ್ತಿರಲಿಲ್ಲ. ಬರೀ ನೀರು ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ ಅಂತ ನೀರಿಗೆ ಕಪ್ಪು ಶಾಯಿ ಬೆರೆಸಿದ್ದರಂತೆ. ಅದಕ್ಕೇ ಆ ಮಳೆಗೆ ಒಂಥರಾ ತೂಕವಿದೆ, ಸೂರಿನಿಂದ ಹಗ್ಗ ಇಳಿಬಿಟ್ಟ ಹಾಗೆ ಸುರಿಯುತ್ತದೆ. ಇನ್ನೊಂದು ಈ ಸಲವೇ ಗಮನಿಸಿದ್ದು: ಒಬ್ಬೊಬ್ಬರೂ ತಮ್ಮ ತಮ್ಮ ಕಥೆ ಹೇಳುವಾಗ ಕಾಡಿನಲ್ಲಿ ಕಣ್ಣು ಕುಕ್ಕುವ ಬಿಸಿಲು. ಯಾವುದನ್ನು ನಂಬಬೇಕು ಅಂತ ತಲೆ ಕೆರೆದುಕೊಳ್ಳುವುದು ಮಾತ್ರ ಮಳೆಯಲ್ಲಿ.

ಎರಡೂ ಕಡೆ ಕಪ್ಪು ಪಟ್ಟಿ ಯಾಕೆ ಅಂತ ಭಾವ ಝೂಮ್ ಮಾಡಲು ಹೊರಟಿದ್ದರು. ಹಳೇ ಸಿನಿಮಾ, ಚೌಕಟ್ಟೇ ಹೆಚ್ಚುಕಮ್ಮಿ ಚೌಕ. ಝೂಮ್ ಮಾಡಿದ್ದರೆ ಹೆಬ್ಬಾಗಿಲ ಸೂರೇ ಹಾರಿಹೋಗುತ್ತಿತ್ತು. ಕೈ ಹಿಡಿದು ತಡೆದೆ. ಹಾಗಂತ ಎಲ್ಲವೂ ಹಿಡಿಸಿತು ಅಂದುಕೊಳ್ಳಬೇಡ. ಡಕಾಯಿತನ ಪಾತ್ರ ಮಾಡಿದ ನಟ ಮಿಫುನೆ ನಗುವುದು ನನಗೆ ಸ್ವಲ್ಪ ಜಾಸ್ತಿಯೇ ಆಯಿತು. ನಡುವೆ ಹತ್ತು ನಿಮಿಷ ತೂಕಡಿಸಿದೆ ಕೂಡ.

ಮಧ್ಯಾಹ್ನ ಟಿವಿ ನನ್ನ ಕೈತಪ್ಪಿತು. ಅಕ್ಕನ ಮಗಳು ಬಂದಿದ್ದಳು, ಆರು ವರ್ಷ. ಅವಳಿಗಾಗಿ 'ಮೈ ನೇಬರ್ ಟೊಟೊರೊ' ಹಾಕಿದೆ. 1988ರಲ್ಲಿ ಜಪಾನಿನ ಮಿಯಾಜಾಕಿ ಮಾಡಿದ ಕಾರ್ಟೂನ್ ಸಿನಿಮಾ. ಅರ್ಧ ಗಂಟೆ ಆದಮೇಲೆ ಕೇಳಿದಳು, "ಮಾಮ, ಕಳ್ಳ ಯಾವಾಗ ಬರ್ತಾನೆ?" ಬರುವುದಿಲ್ಲ ಕಣೇ ಅಂದೆ. ನಂಬಲಿಲ್ಲ, ಕಾಯುತ್ತಲೇ ಇದ್ದಳು. ಅಷ್ಟರಲ್ಲಿ ಬಸ್ ಸ್ಟಾಪ್ ದೃಶ್ಯ ಬಂತು.

ಆ ದೃಶ್ಯ ನೆನಪಿದೆಯಾ? ರಾತ್ರಿ, ಮಳೆ. ಅಪ್ಪನಿಗೆ ಕೊಡಲು ಕೊಡೆ ಹಿಡಿದು ಹುಡುಗಿ ನಿಂತಿದ್ದಾಳೆ, ಬೆನ್ನ ಮೇಲೆ ತಂಗಿ ನಿದ್ದೆಹೋಗಿದ್ದಾಳೆ. ಪಕ್ಕದಲ್ಲಿ ದೊಡ್ಡ ಪಾದ ಬಂದು ನಿಲ್ಲುತ್ತದೆ. ಟೊಟೊರೊ, ಮೈತುಂಬ ಕೂದಲಿರುವ ಕಾಡಿನ ದೈತ್ಯ ಜೀವಿ. ತಲೆ ಮೇಲೆ ಒಂದು ಎಲೆ ಅಷ್ಟೇ. ಹುಡುಗಿ ಅಪ್ಪನ ಕೊಡೆಯನ್ನೇ ಕೊಟ್ಟುಬಿಡುತ್ತಾಳೆ. ಮರದಿಂದ ಒಂದು ಹನಿ ಕೊಡೆ ಮೇಲೆ ಬೀಳುತ್ತದೆ, ಟಪ್. ಅದರ ಕಣ್ಣು ಅರಳುತ್ತದೆ. ಇನ್ನೊಂದು, ಟಪ್. ಆ ಸದ್ದು ಎಷ್ಟು ಇಷ್ಟವಾಯಿತು ಅಂದರೆ ಎಗರಿ ನೆಲಕ್ಕೆ ಧೊಪ್ಪನೆ ಬೀಳುತ್ತದೆ, ಮರದಲ್ಲಿದ್ದ ಹನಿಯೆಲ್ಲ ಒಟ್ಟಿಗೆ ಸುರಿಯುತ್ತದೆ. ನಮ್ಮ ಪುಟ್ಟಿ ನಾಲ್ಕು ಸಲ ಹಿಂದೆ ಓಡಿಸಿ ನೋಡಿದಳು. ಕಳ್ಳನ ಸುದ್ದಿ ಮತ್ತೆ ಎತ್ತಲಿಲ್ಲ. ಟಿವಿ ಸ್ಪೀಕರಿನಲ್ಲೂ ಆ 'ಟಪ್' ಸ್ಪಷ್ಟವಾಗಿ ಕೇಳಿಸಿತು ನೋಡು.

ರಾತ್ರಿ 'ಟ್ವೆಲ್ವ್ ಆ್ಯಂಗ್ರಿ ಮೆನ್'. 1957, ನಿರ್ದೇಶಕ ಸಿಡ್ನಿ ಲುಮೆಟ್‌ಗೆ ಅದು ಮೊದಲ ಸಿನಿಮಾ. 96 ನಿಮಿಷ, ಹೆಚ್ಚುಕಮ್ಮಿ ಪೂರ್ತಿ ಒಂದೇ ಕೋಣೆ. ಒಬ್ಬ ಹುಡುಗ ತಂದೆಯನ್ನು ಕೊಂದನೋ ಇಲ್ಲವೋ ಅಂತ ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೋರ್ಟು ಕರೆಸಿದ ಸಾಮಾನ್ಯ ಜನರ, ಹನ್ನೆರಡು ಮಂದಿ ತೀರ್ಮಾನಿಸಬೇಕು. ಸೆಕೆ. ಫ್ಯಾನ್ ಬೇರೆ ಕೆಲಸ ಮಾಡುತ್ತಿಲ್ಲ. ಹೋಗ್ತಾ ಹೋಗ್ತಾ ಕ್ಯಾಮೆರಾ ಕೆಳಗಿಳಿಯುತ್ತದೆ, ಛಾವಣಿ ಕಾಣತೊಡಗುತ್ತದೆ, ಕೋಣೆ ನಮ್ಮ ಮೇಲೇ ಕವುಚಿಕೊಂಡ ಹಾಗಾಗುತ್ತದೆ. ಮತ ಆರು ಆರು ಆಗಿ ನಿಂತಾಗ ಮಳೆ ಸುರಿಯುತ್ತದೆ. ಕತ್ತಲಾಯಿತು ಅಂತ ಲೈಟ್ ಹಾಕಿದರೆ ಫ್ಯಾನೂ ತಿರುಗುತ್ತದೆ. ಎರಡಕ್ಕೂ ಒಂದೇ ಸ್ವಿಚ್ಚು! ಇದನ್ನು ನಾನು ಮೂರು ಸಲ ನೋಡಿದ್ದೇನೆ, ಪ್ರತಿ ಸಲ ಅಲ್ಲಿ ನನಗೇ ಗಾಳಿ ಬೀಸಿದ ಹಾಗೆ ಅನ್ನಿಸುತ್ತದೆ.

ಅದರಲ್ಲಿ ಕನ್ನಡಕದ ಒಬ್ಬ ಇದ್ದಾನೆ. ಕೋಟು ಬಿಚ್ಚುವುದಿಲ್ಲ, ನಿನಗೆ ಬೆವರೋದೇ ಇಲ್ವಾ ಅಂತ ಕೇಳಿದರೆ ಇಲ್ಲ ಅನ್ನುತ್ತಾನೆ. ಕೊಲೆಯಾದ ರಾತ್ರಿ ಸಿನಿಮಾಕ್ಕೆ ಹೋಗಿದ್ದೆ ಅಂತ ಹುಡುಗ ಹೇಳಿದ್ದ, ಆದರೆ ಯಾವ ಸಿನಿಮಾ ಅಂತ ನೆನಪಿರಲಿಲ್ಲ. ಅದು ಸುಳ್ಳು ಅನ್ನುವುದು ಇವನ ವಾದ. ಹುಡುಗನ ಪರ ವಾದಿಸುವ ಜ್ಯೂರಿ ಸದಸ್ಯ, ನಟ ಹೆನ್ರಿ ಫಾಂಡಾ, ತಣ್ಣಗೆ ಕೇಳುತ್ತಾನೆ: ನಿನ್ನೆ ರಾತ್ರಿ ಎಲ್ಲಿದ್ದೆ? ಮೊನ್ನೆ? ಅದರ ಹಿಂದಿನ ರಾತ್ರಿ? ಒಂದು ರಾತ್ರಿ ಇವನೂ ಸಿನಿಮಾಕ್ಕೆ ಹೋಗಿದ್ದ. ಹೆಸರು ತಪ್ಪು ಹೇಳುತ್ತಾನೆ. ನಟರು ಯಾರು ಅಂದರೆ ತಡವರಿಸುತ್ತಾನೆ. ಬೆವರದವನ ಹಣೆ ಮೇಲೆ ನೀರು ಇಳಿಯುತ್ತದೆ.

ಸುಮ್ನೆ ನನ್ನನ್ನೇ ಕೇಳಿಕೊಂಡೆ. ಶನಿವಾರ ನೋಡಿದ್ದರಲ್ಲಿ ಹೀರೋನ ಹೆಸರೇನು? ಆ ಹತ್ತು ಜನರನ್ನು ಯಾಕೆ ಹೊಡೆಯುತ್ತಿದ್ದ? ಇಪ್ಪತ್ತನಾಲ್ಕು ಗಂಟೆ ಕೂಡ ಆಗಿರಲಿಲ್ಲ. ಏನೂ ಹೊಳೆಯಲಿಲ್ಲ. ಎದ್ದು ಫ್ಯಾನ್ ಹಾಕಿದೆ.

ಉಳಿದರ್ಧ ನೀನು ಬಂದಾಗ ಒಟ್ಟಿಗೆ ನೋಡೋಣ. ರಿಮೋಟ್ ನಿನ್ನ ಕೈಯಲ್ಲೇ ಇರಲಿ.

ಇಂತಿ,
ನಿನ್ನ ಗೆಳೆಯ