47 ಜೊತೆ ಜೋಡು: ಗೆಳೆಯನಿಗೊಂದು ಪತ್ರ

ಲೋ ಮಾರಾಯ,

ನಮ್ಮಿಬ್ಬರ ವಾದದ ಕಾನೂನಿನ ಪ್ರಕಾರ ಸೋತವನೇ ಪತ್ರ ಬರೆಯಬೇಕು. ಬರೀತಿದ್ದೀನಿ, ಅದೂ ಊರೆಲ್ಲ ನೋಡೋ ಹಾಗೆ. ಡೊನಾಟಸ್ ಕಡೆಯವರ ವಕಾಲತ್ತು ಇವತ್ತಿಗೆ ಬಿಟ್ಟೆ. ಕಿರುಕುಳದ ಕಾಲದಲ್ಲಿ ಧರ್ಮಗ್ರಂಥ ಒಪ್ಪಿಸಿದವರ ಕೈಯ ದೀಕ್ಷೆ, ಸಂಸ್ಕಾರ ಸಲ್ಲದು ಅಂತ ಸಿಡಿದು ಬೇರೆಯಾದ ಹಳೇ ಕಾಲದ ಕ್ರೈಸ್ತರು ಅವರು.

ನನ್ನನ್ನು ಕೆಡವಿದ್ದು ದೇವಶಾಸ್ತ್ರವಲ್ಲ, ಒಂದು ಜಪ್ತಿ ಪಟ್ಟಿ. 303ರ ಮೇ 19, ಉತ್ತರ ಆಫ್ರಿಕದ ಸಿರ್ತಾ. ಕ್ರೈಸ್ತರನ್ನು ಹತ್ತಿಕ್ಕಲು ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ಆಜ್ಞೆ ಹಿಡಿದು ಅಧಿಕಾರಿ ಮುನಾಟಿಯಸ್ ಫೆಲಿಕ್ಸ್ ಚರ್ಚಿನ ಧರ್ಮಗ್ರಂಥ ವಶಪಡಿಸಿಕೊಳ್ಳಲು ಬಂದ. ಸಿಕ್ಕಿದ್ದು: 2 ಚಿನ್ನದ ಪಾನಪಾತ್ರೆ, 6 ಬೆಳ್ಳಿಯವು, 82 ಹೆಂಗಸರ ಅಂಗಿ, 13 ಜೊತೆ ಗಂಡಸರ ಜೋಡು, 47 ಜೊತೆ ಹೆಂಗಸರವು. ಪುಸ್ತಕದ ಕಪಾಟು ಖಾಲಿ! ಚರ್ಚಿನ ಕೆಳದರ್ಜೆಯ ಸೇವಕ, ಅಂದರೆ ಸಬ್‌ಡೀಕನ್, ಕ್ಯಾಟುಲಿನಸ್ ಒಂದೇ ಒಂದು ಭಾರೀ ಗ್ರಂಥ ತಂದುಕೊಟ್ಟ. ಉಳಿದವು ವಾಚಕರ, ಅಂದರೆ ಚರ್ಚಿನಲ್ಲಿ ಗ್ರಂಥ ಓದುವವರ, ಮನೆಯಲ್ಲಿವೆ ಅಂದ. ಯಾರ್ಯಾರು ಆ ವಾಚಕರು ಅಂತ ಕೇಳಿದರೆ, ಅದೇ ಕ್ಯಾಟುಲಿನಸ್ ಇನ್ನೊಬ್ಬನ ಜೊತೆ ನಿಂತು, ನಾವು ದ್ರೋಹಿಗಳಲ್ಲ, ಬೇಕಾದರೆ ಕೊಲ್ಲಿಸಿ ಅಂದುಬಿಟ್ಟ. ಹಿಡಿದುಕೊಂಡು ಹೋದರು. ಅಷ್ಟು ಹೊತ್ತಿಗೆ ಸಿಲ್ವಾನಸ್ ಅನ್ನೋ ಮತ್ತೊಬ್ಬ ಸಬ್‌ಡೀಕನ್ ಗುಡಾಣದ ಹಿಂದೆ ಸಿಕ್ಕಿತೆಂದು ಬೆಳ್ಳಿ ಪೆಟ್ಟಿಗೆ, ಬೆಳ್ಳಿ ದೀಪ ತಂದಿಟ್ಟಿದ್ದ.

ಈ ಸಿಲ್ವಾನಸ್ ಮುಂದೆ ಸಿರ್ತಾದ ಬಿಷಪ್ಪನಾದ. ಕಾರ್ಥೇಜ್‌ಗೆ ಬಂದ, ಸಿರ್ತಾ ಇದ್ದ ನುಮಿಡಿಯಾ ಪ್ರಾಂತ್ಯದ ಸುಮಾರು 70 ಬಿಷಪ್ಪರ ಜೊತೆ ಸೇರಿದ. ಕಾರ್ಥೇಜ್‌ನ ಹೊಸ ಬಿಷಪ್ ಸೆಸಿಲಿಯನ್‌ಗೆ ದೀಕ್ಷೆ ಕೊಟ್ಟ ಅಬ್ತುಗ್ನಿ ಊರಿನ ಬಿಷಪ್ ಫೆಲಿಕ್ಸ್ (ಆ ಅಧಿಕಾರಿಯಲ್ಲ, ಬೇರೆಯವನು) ಗ್ರಂಥ ಒಪ್ಪಿಸಿದವನು, ಆ ಕೈಯ ದೀಕ್ಷೆ ಸಲ್ಲದು ಅಂತ ಅವರ ವಾದ. ಹಾಗಂತ ಮಜೋರಿನಸ್‌ನನ್ನು ಎದುರು ಬಿಷಪ್ಪನಾಗಿ ಕೂರಿಸಿದರು. ಅವನ ನಂತರ ಬಂದವನೇ ಡೊನಾಟಸ್. ವಿಚಾರಣೆಯಾದಾಗ ಫೆಲಿಕ್ಸ್ ಮೇಲಿನ ಸಾಕ್ಷಿಪತ್ರದಲ್ಲಿ ಇಂಗೆಂಟಿಯಸ್ ಅನ್ನೋನು ಸುಳ್ಳು ಸಾಲು ಸೇರಿಸಿದ್ದು ಬಯಲಾಯಿತು, ಫೆಲಿಕ್ಸ್ ಬಿಡುಗಡೆಯಾದ. 320ರಲ್ಲಿ ಸಿಲ್ವಾನಸ್‌ನ ಸ್ವಂತ ಡೀಕನ್ನೇ ತಿರುಗಿಬಿದ್ದ. ಸಿಲ್ವಾನಸ್ ತಾನೇ ಒಪ್ಪಿಸಿದವನು ಅಂತ ತೋರಿಸಲು ರೋಮನ್ ರಾಜ್ಯಪಾಲ ಝೆನೊಫಿಲಸ್ ಎದುರು ಆ ಹಳೇ ಪಟ್ಟಿಯನ್ನೇ ಓದಿಸಿದರು. ಗುಡಾಣ ಸಮೇತ.

ಅಷ್ಟಾದರೂ ಜಗಳ ನಿಲ್ಲಲಿಲ್ಲ. 411ರಲ್ಲೂ ಕಾರ್ಥೇಜ್‌ನಲ್ಲಿ ಎರಡೂ ಕಡೆಯಿಂದ ಇನ್ನೂರೈವತ್ತಕ್ಕೆ ಮೀರಿ ಬಿಷಪ್ಪರು ಎದುರಾಬದುರು ನಿಂತರು. ಕಲ್ಲಿನ ಕಾಲುವೆಯಲ್ಲಿ ಹರಿದರೂ ನೀರು ತೋಟ ತಲುಪುತ್ತದೆ, ಕೊಡುವ ಕೈ ಎಂಥದ್ದಾದರೂ ಸಂಸ್ಕಾರ ಕೆಡುವುದಿಲ್ಲ ಅನ್ನೋದು ಎದುರು ಪಕ್ಷದ ಬಿಷಪ್ ಅಗಸ್ಟೀನನ ಉತ್ತರ. ಅದನ್ನು ಒಪ್ಪಿದೆ. ಮುಂದೆ ಅದೇ ಅಗಸ್ಟೀನ ಸರ್ಕಾರದ ಬಲವಂತವನ್ನೂ ಸಮರ್ಥಿಸಿದ, ಅದು ಗಂಟಲಲ್ಲಿ ಇಳಿಯೋದಿಲ್ಲ.

ಆದರೆ ನಿದ್ದೆ ಕೆಡಿಸಿದ್ದು ಕ್ಯಾಟುಲಿನಸ್. ಪುಸ್ತಕ ಕೊಟ್ಟವನೂ ಅವನೇ, ಹೆಸರು ಕೊಡದವನೂ ಅವನೇ. ಡೊನಾಟಸ್‌ನವರ ಅಳತೆಗೋಲಿನಲ್ಲಿ ಅವನಿಗೆ ಜಾಗವೇ ಇಲ್ಲ. ಆ ಕೋಲು ನನಗೆ ಇಷ್ಟು ವರ್ಷ ಹಿಡಿಸಿದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ ಕಣೋ. ಅದರ ತುದಿ ಯಾವಾಗಲೂ ಬೇರೆಯವರ ಕಡೆಗಿತ್ತು. ನಿನ್ನ ಕಡೆಗೂ.

ಸಾಕು, ಅತಿಯಾಯಿತು. ನನ್ನ ಬಾಗಿಲಿಗೆ ಮುನಾಟಿಯಸ್ ಬಂದರೆ ನಾನಂತೂ ಕಪಾಟಿನ ಬೀಗದ ಕೈ, ವರ್ಣಾನುಕ್ರಮದ ಪಟ್ಟಿ, ಜೊತೆಗೆ ಕಾಫಿ ಕೊಟ್ಟು ರಸೀದಿ ಕೇಳ್ತೀನಿ. ನಿನ್ನಿಂದ ತಂದು ವಾಪಸು ಕೊಡದ ಆ ಮೂರು ಪುಸ್ತಕ ಮಾತ್ರ ಗುಡಾಣದ ಹಿಂದೆ.

ಇಂತಿ,
ಸೋತವನು